ಸೈಕಲ್‌ಗೆ ಬೀಗ ಕೊಳ್ಳುವ ಮುಂಚೆ ಕಂಬ ಅಳೆಯಿರಿ

ಹೊಸ ಸೈಕಲ್ ಕೊಳ್ಳುವಾಗ ಬೀಗದ ಮಾತು ಬರುವುದು ಕಟ್ಟಕಡೆಗೆ. ಬಿಲ್ ಆಗುತ್ತಿರುತ್ತದೆ, ಅಂಗಡಿಯವರು "ಲಾಕ್ ಬೇಕಾ ಸಾರ್?" ಅಂತ ಕೇಳುತ್ತಾರೆ. ಕೌಂಟರ್ ಪಕ್ಕದಲ್ಲಿ ನೇತುಹಾಕಿದ ಬಣ್ಣಬಣ್ಣದ ಕೇಬಲ್ ಲಾಕ್‌ಗಳಲ್ಲಿ ಒಂದನ್ನು ತೆಗೆದು ಚೀಲಕ್ಕೆ ಹಾಕುತ್ತಾರೆ. ಇಪ್ಪತ್ತು ಸಾವಿರದ ಸೈಕಲ್ಲನ್ನು ಅಂದಿನಿಂದ ಒಂದು ತೆಳು ತಂತಿ ಕಾಯಬೇಕು.

ಬೆಂಗಳೂರಿನಲ್ಲಿ ಮನೆಯಿಂದ ಮೆಟ್ರೋ ಸ್ಟೇಷನ್‌ವರೆಗೆ, ಅಥವಾ ಸೀದಾ ಆಫೀಸಿನವರೆಗೆ ದಿನಾ ಸೈಕಲ್ ತುಳಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ನನ್ನ ಮಾತು ಒಂದೇ: ಬೀಗದ ಆಯ್ಕೆ ಅಂಗಡಿಯಲ್ಲಿ ಶುರುವಾಗಬಾರದು. ನಿಮ್ಮ ಸೈಕಲ್ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಅದನ್ನು ಯಾವುದಕ್ಕೆ ಕಟ್ಟಬಹುದು ಅನ್ನುವುದು ಮೊದಲು ಗೊತ್ತಾಗಬೇಕು. ಆಮೇಲೆ ಯಾವ ಬೀಗ ಅನ್ನುವುದು ಬಹುತೇಕ ತಾನಾಗಿಯೇ ತೀರ್ಮಾನವಾಗುತ್ತದೆ.

ಹೆಜ್ಜೆ 1: ಸೈಕಲ್ ನಿಲ್ಲುವ ಜಾಗಗಳನ್ನು ಪಟ್ಟಿ ಮಾಡಿ

ಒಂದು ಮಾಮೂಲಿ ದಿನವನ್ನು ನೆನಪಿಸಿಕೊಳ್ಳಿ. ರಾತ್ರಿ ಮನೆ ಅಥವಾ ಪಿಜಿ, ಬೆಳಗ್ಗೆಯಿಂದ ಸಂಜೆ ಆಫೀಸ್ ಇಲ್ಲವೇ ಮೆಟ್ರೋ ಸ್ಟೇಷನ್, ದಾರಿಯಲ್ಲಿ ತರಕಾರಿ ಅಂಗಡಿ, ದರ್ಶಿನಿ. ಇದರಲ್ಲಿ ಯಾವುದು ಅಪಾಯದ ಜಾಗ? ಬಹಳ ಜನ ರಸ್ತೆ ಬದಿ ಅನ್ನುತ್ತಾರೆ. ನನ್ನ ಪ್ರಕಾರ ಮನೆಯ ಬಗ್ಗೆಯೇ ಜಾಸ್ತಿ ಯೋಚಿಸಬೇಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್, ಬಾಡಿಗೆ ಮನೆಯ ಗೇಟಿನ ಒಳಗಿನ ಜಾಗ, ಮೆಟ್ಟಿಲಿನ ಕೆಳಗೆ, ಹೀಗೆ ಸೈಕಲ್ ರಾತ್ರಿಯಿಡೀ ಒಂದೇ ಕಡೆ ಇರುತ್ತದೆ. ಕಳ್ಳನಿಗೆ ಬೇಕಾದಷ್ಟು ಸಮಯ ಸಿಗುತ್ತದೆ. "ವಾಚ್‌ಮನ್ ಇದ್ದಾರಲ್ಲ" ಅಂತ ನಾವು ಬೀಗವನ್ನೂ ಸರಿಯಾಗಿ ಹಾಕಿರುವುದಿಲ್ಲ.

ಈಗ ಪ್ರತಿ ಜಾಗದಲ್ಲೂ ಸೈಕಲ್ಲನ್ನು ಕಟ್ಟಲು ಏನಿದೆ ನೋಡಿ. ಕಂಬ, ಗ್ರಿಲ್, ಗೇಟು, ಮೆಟ್ಟಿಲಿನ ಕಂಬಿ, ಸೈಕಲ್ ಸ್ಟ್ಯಾಂಡ್. ಒಂದು ದಾರ ತೆಗೆದುಕೊಂಡು ಅದರ ಸುತ್ತಳತೆ ಹಿಡಿಯಿರಿ. ದಾರದ ಉದ್ದವನ್ನು ಮೂರರಿಂದ ಭಾಗಿಸಿದರೆ ಕಂಬದ ದಪ್ಪ ಹತ್ತಿರ ಹತ್ತಿರ ಸಿಗುತ್ತದೆ. ಈ ಒಂದು ಅಳತೆ ಯಾಕೆ ಮುಖ್ಯ ಅಂದರೆ, ಸಾಮಾನ್ಯ ಸೈಜಿನ ಯು-ಲಾಕ್‌ನ (ಯು ಆಕಾರದ ಉಕ್ಕಿನ ಕಂಬಿಗೆ ಒಂದು ಅಡ್ಡಪಟ್ಟಿ ಹಾಕಿ ಮುಚ್ಚುವ ಬೀಗ) ಒಳಗಿನ ಅಗಲ ಸುಮಾರು 10 ಸೆಂ.ಮೀ., ಉದ್ದ 23 ಸೆಂ.ಮೀ. ಇರುತ್ತದೆ. ದಾರ 28 ಸೆಂ.ಮೀ.ಗಿಂತ ಉದ್ದ ಬಂತು ಅಂದರೆ ಆ ಕಂಬದ ಸುತ್ತ ಯು-ಲಾಕ್ ಕೂರುವುದು ಕಷ್ಟ. ನಮ್ಮ ಬೀದಿದೀಪದ ಕಂಬಗಳು, ಕಟ್ಟಡದ ಪಿಲ್ಲರ್‌ಗಳು ಬಹಳಷ್ಟು ಇದಕ್ಕಿಂತ ದಪ್ಪ. ಅಲ್ಲಿ ಚೈನೇ ಬೇಕು. ಎಷ್ಟೇ ದುಬಾರಿ ಯು-ಲಾಕ್ ತಂದರೂ ಕಂಬಕ್ಕೆ ಹಿಡಿಯದಿದ್ದರೆ ಸುಮ್ನೆ ಫ್ರೇಮಿಗೆ ನೇತುಹಾಕಿಕೊಂಡು ಓಡಾಡಬೇಕಾಗುತ್ತದೆ.

ಕಂಬ ಗಟ್ಟಿಯಾಗಿದೆಯಾ ಅಂತಲೂ ಪರೀಕ್ಷಿಸಿ. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ನೋ ಪಾರ್ಕಿಂಗ್ ಬೋರ್ಡಿನ ಕಂಬಗಳು ಎಷ್ಟೋ ಕಡೆ ಕಾಂಕ್ರೀಟ್ ಬಿಟ್ಟು ಸಡಿಲವಾಗಿರುತ್ತವೆ. ಗಿಡ್ಡ ಕಂಬವಾದರೆ ಸೈಕಲ್ಲನ್ನು ಬೀಗದ ಸಮೇತ ಮೇಲಕ್ಕೆತ್ತಿ ತೆಗೆಯಬಹುದು. ಪ್ಲಾಸ್ಟಿಕ್ ಪೈಪು, ತಂತಿ ಬೇಲಿ, ಎಳೆ ಮರ ಇವೆಲ್ಲ ಲೆಕ್ಕಕ್ಕಿಲ್ಲ. ಮರಕ್ಕೆ ಕಟ್ಟಿದರೆ ತೊಗಟೆಯೂ ಹಾಳಾಗುತ್ತದೆ. ಗೇಟಿಗೆ ಕಟ್ಟುವುದಾದರೆ ಗೇಟನ್ನೇ ಕೀಲಿನಿಂದ ಎತ್ತಿ ತೆಗೆಯಲು ಬರುತ್ತದಾ ನೋಡಿ. ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್ ಬೇಲಿಗೆ ಮಾತ್ರ ದಯವಿಟ್ಟು ಯಾವತ್ತೂ ಕಟ್ಟಬೇಡಿ. ಮಳೆಗಾಲದಲ್ಲಿ ಶಾಕ್ ಹೊಡೆದರೆ ಜೀವಕ್ಕೇ ಅಪಾಯ.

ಕಟ್ಟಲು ಏನೂ ಇಲ್ಲದ ಜಾಗಗಳೂ ಇವೆ. ಆಫೀಸಿನ ಬೇಸ್‌ಮೆಂಟಿನಲ್ಲಿ ಕಾರು, ಬೈಕಿಗೆ ಗೆರೆ ಎಳೆದಿರುತ್ತಾರೆ, ಸೈಕಲ್‌ಗೆ ಒಂದು ಕೊಕ್ಕೆಯೂ ಇರುವುದಿಲ್ಲ. ಅಂಥ ಕಡೆ ಕೇಳಿ ಮಾಡಿಸಿಕೊಳ್ಳಬೇಕು. ದಪ್ಪ ಕಬ್ಬಿಣದ ಪೈಪನ್ನು ಬಗ್ಗಿಸಿ, ಎರಡೂ ತುದಿಯನ್ನು ನೆಲದ ಕಾಂಕ್ರೀಟಿನಲ್ಲಿ ಹೂತುಬಿಟ್ಟರೆ ಒಳ್ಳೆಯ ಸ್ಟ್ಯಾಂಡ್ ಆಗುತ್ತದೆ. ಬಡಾವಣೆಯ ವೆಲ್ಡಿಂಗ್ ಅಂಗಡಿಯವರೇ ಇದನ್ನು ಮಾಡಿಕೊಡುತ್ತಾರೆ. ಮುಂದಿನ ಚಕ್ರವನ್ನು ಮಾತ್ರ ಸಿಕ್ಕಿಸುವ ಸ್ಟ್ಯಾಂಡ್ ಬೇಡ ಅಂತ ಮೊದಲೇ ಹೇಳಿಬಿಡಿ. ಅದಕ್ಕೆ ಫ್ರೇಮ್ ಕಟ್ಟಲು ಬರುವುದಿಲ್ಲ, ಯಾರಾದರೂ ತಳ್ಳಿದರೆ ರಿಮ್ಮೂ ಸೊಟ್ಟಗಾಗುತ್ತದೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಿನಲ್ಲಿ ಒಬ್ಬರು ಎದ್ದು ಕೇಳಿದರೆ ಹತ್ತು ಮನೆಯ ಮಕ್ಕಳ ಸೈಕಲ್ಲಿಗೂ ಅನುಕೂಲವಾಗುತ್ತದೆ.

ಹೆಜ್ಜೆ 2: ಬೀಗಗಳ ಬಲ ಎಷ್ಟು, ಸೋಲುವುದು ಎಲ್ಲಿ ತಿಳಿಯಿರಿ

ಬಿಚ್ಚಲಾಗದ ಬೀಗ ಇಲ್ಲ. ಬೀಗ ಮಾಡುವ ಕೆಲಸ ಎರಡು: ಕಳ್ಳನಿಗೆ ದೊಡ್ಡ ಹತಾರ ಬೇಕಾಗುವಂತೆ ಮಾಡುವುದು, ಜಾಸ್ತಿ ಹೊತ್ತು ನಿಂತು ಸದ್ದು ಮಾಡುವಂತೆ ಮಾಡುವುದು. ಜೇಬಿನಲ್ಲಿ ಹಿಡಿಯುವ ಕಟರ್‌ನಿಂದ ಕೆಲಸ ಮುಗಿಯುವಂತಿದ್ದರೆ ಯಾರು ಬೇಕಾದರೂ ಕೈ ಹಾಕುತ್ತಾರೆ. ಎರಡೂ ಕೈಯಲ್ಲಿ ಹಿಡಿಯಬೇಕಾದ ಕಟರ್ ಬೇಕು ಅಂದರೆ ಅರ್ಧಕ್ಕರ್ಧ ಜನ ಮುಂದೆ ಹೋಗುತ್ತಾರೆ.

*ಹಿಂದಿನ ಚಕ್ರದ ಲಾಕ್.* ಹಳೆಯ ಹರ್ಕ್ಯುಲಿಸ್, ಅಟ್ಲಾಸ್ ಸೈಕಲ್‌ಗಳ ಕಾಲದಿಂದ ನಮಗೆಲ್ಲ ಗೊತ್ತಿರುವ ಬೀಗ ಇದು. ಫ್ರೇಮಿಗೇ ಕೂರಿಸಿರುತ್ತಾರೆ, ಕೀ ತಿರುಗಿಸಿದರೆ ಕಡ್ಡಿಗಳ ನಡುವೆ ಒಂದು ಸರಳು ಹಾಯುತ್ತದೆ. ಸೈಕಲ್ ತುಳಿಯಲು, ತಳ್ಳಲು ಆಗುವುದಿಲ್ಲ. ಆದರೆ ಎತ್ತಿಕೊಂಡು ಹೋಗಬಹುದು. ಆಟೋಗೆ, ಟೆಂಪೋಗೆ ಹಾಕಲು ಅರ್ಧ ನಿಮಿಷ ಸಾಕು. ಕಣ್ಣೆದುರೇ ಸೈಕಲ್ ಇರುವಾಗ, ಹಾಲಿನ ಬೂತಿನ ಮುಂದೆ ಎರಡು ನಿಮಿಷ ನಿಲ್ಲುವಾಗ ಇದು ಸರಿ. ಇನ್ನೊಂದು ಬೀಗದ ಜೊತೆಗೆ ಎರಡನೆಯದಾಗಿ ಇದ್ದರೆ ಬಹಳ ಒಳ್ಳೆಯದು.

*ಕೇಬಲ್ ಲಾಕ್.* ಹೊರಗಿನ ಪ್ಲಾಸ್ಟಿಕ್ ನೋಡಿ ಮೋಸ ಹೋಗಬೇಡಿ. ಹೆಬ್ಬೆರಳಿನಷ್ಟು ದಪ್ಪ ಕಾಣುವ ಕೇಬಲ್ಲಿನ ಒಳಗೆ ತೆಳ್ಳಗಿನ ತಂತಿಗಳ ಎಳೆ ಇರುತ್ತದೆ, ಉಳಿದದ್ದು ಪ್ಲಾಸ್ಟಿಕ್. ಕೇಬಲ್ ಕಟರ್‌ಗೆ ಇದು ಕೆಲವೇ ಸೆಕೆಂಡಿನ ಕೆಲಸ. ಮುಖ್ಯ ಬೀಗವಾಗಿ ಇದನ್ನು ಕೊಳ್ಳಲೇಬೇಡಿ. ಈಗಾಗಲೇ ಇದ್ದರೆ ಎಸೆಯಬೇಡಿ, ಸೀಟು ಅಥವಾ ಮುಂದಿನ ಚಕ್ರ ಕಟ್ಟಲು, ಹೆಲ್ಮೆಟ್ ಸಿಕ್ಕಿಸಲು ಬರುತ್ತದೆ.

*ಚೈನ್ ಲಾಕ್.* ಇದರಲ್ಲಿ ಎರಡು ಜಾತಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಮಾಮೂಲಿ ಚೈನ್ ಮೆದು ಕಬ್ಬಿಣದ್ದು. ಹ್ಯಾಕ್ಸಾ ಬ್ಲೇಡಿಗೆ ಸುಲಭವಾಗಿ ಬಗ್ಗುತ್ತದೆ. ಸೈಕಲ್‌ಗೆಂದೇ ಮಾಡಿದ ಒಳ್ಳೆಯ ಚೈನ್ ಕಾಯಿಸಿ ಹದ ಮಾಡಿದ ಉಕ್ಕಿನದು. ಅದರ ಮೇಲೆ ಹ್ಯಾಕ್ಸಾ ಬ್ಲೇಡು ಜಾರುತ್ತದೆ. ಅರ ಹಾಕಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಮೆದು ಕಬ್ಬಿಣಕ್ಕೆ ಅರ ಕಚ್ಚುತ್ತದೆ, ಹದ ಮಾಡಿದ ಉಕ್ಕಿನ ಮೇಲೆ ಕಚ್ಚದೆ ಜಾರುತ್ತದೆ. ಮನೆಯಲ್ಲಿರುವ ಹಳೆಯ ಚೈನನ್ನು ಹೀಗೆ ಪರೀಕ್ಷೆ ಮಾಡಬಹುದು.

ಕೊಂಡಿಯ ದಪ್ಪ 6 ಮಿ.ಮೀ. ಇದ್ದರೆ ಕೈಯಲ್ಲಿ ಹಿಡಿಯುವ ಸಾಧಾರಣ ಬೋಲ್ಟ್ ಕಟರ್ ಸಾಕಾಗುತ್ತದೆ. 10 ಮಿ.ಮೀ. ಹದ ಮಾಡಿದ ಉಕ್ಕಿಗೆ ದೊಡ್ಡ ಕಟರ್ ಮತ್ತು ಒಳ್ಳೆಯ ಬಲ ಬೇಕು. ಕೊಂಡಿ ದುಂಡಗಿರುವ ಬದಲು ಚೌಕಾಕಾರ ಅಥವಾ ಆರು ಮೂಲೆಯದಾಗಿದ್ದರೆ ಕಟರಿನ ಬಾಯಿಗೆ ಸರಿಯಾಗಿ ಸಿಗುವುದಿಲ್ಲ. ಚೈನಿನ ಗುಣ ಅಂದರೆ ದಪ್ಪ ಕಂಬ, ಅಗಲ ಪಿಲ್ಲರ್ ಎಲ್ಲಕ್ಕೂ ಸುತ್ತಿಕೊಳ್ಳುತ್ತದೆ. ತೊಂದರೆ ಅಂದರೆ ತೂಕ. 10 ಮಿ.ಮೀ. ಚೈನ್ 80-90 ಸೆಂ.ಮೀ. ಉದ್ದಕ್ಕೇ ಎರಡು ಕೆ.ಜಿ. ಸುಮಾರಿಗೆ ಬರುತ್ತದೆ.

ಚೈನ್ ಒಂದು ಕಡೆ, ಬೀಗ ಇನ್ನೊಂದು ಕಡೆ ಕೊಂಡು ಸೇರಿಸುವವರು ಗಮನಿಸಿ. ಚೈನ್ ಎಷ್ಟೇ ಗಟ್ಟಿ ಇರಲಿ, ಬೀಗದ ಮೇಲಿನ ಬಾಗಿದ ಕಂಬಿ ತೆಳ್ಳಗಿದ್ದರೆ ಕಳ್ಳ ಅದನ್ನೇ ಕತ್ತರಿಸುತ್ತಾನೆ. ಕಂಬಿಯ ದಪ್ಪ ಚೈನಿನ ಕೊಂಡಿಯಷ್ಟಾದರೂ ಇರಲಿ, ಕಂಬಿ ಗಿಡ್ಡಗಿರಲಿ, ಹಾಕಿದಾಗ ಕಟರ್ ತೂರಲು ಸಂದಿ ಉಳಿಯದಿರಲಿ.

*ಯು-ಲಾಕ್.* ದಿನಾ ಓಡಾಡುವವರಿಗೆ, ಕಟ್ಟುವ ಕಂಬ ತೆಳ್ಳಗಿದ್ದರೆ, ನಾನು ಮೊದಲು ಸೂಚಿಸುವುದು ಇದನ್ನೇ. ಒಂದರಿಂದ ಒಂದೂವರೆ ಕೆ.ಜಿ. ತೂಕದಲ್ಲಿ ಇಷ್ಟು ರಕ್ಷಣೆ ಬೇರೆ ಯಾವುದರಿಂದಲೂ ಸಿಗುವುದಿಲ್ಲ. ಕಂಬಿಯ ದಪ್ಪ 12-13 ಮಿ.ಮೀ. ಇರಲಿ. 14 ದಾಟಿದರೆ ಇನ್ನೂ ಒಳ್ಳೆಯದು, 16ರ ಆಸುಪಾಸಿನದಕ್ಕೆ ಕೈ ಕಟರ್‌ಗಳು ನಾಟುವುದು ತೀರಾ ಕಷ್ಟ. ಹೊರಗಿನ ರಬ್ಬರ್ ಕವಚ ಬಿಟ್ಟು, ಒಳಗಿನ ಉಕ್ಕಿನ ದಪ್ಪವನ್ನು ಕೇಳಬೇಕು.

ಸೈಜಿನಲ್ಲಿ ದೊಡ್ಡದೇ ವಾಸಿ ಅಂದುಕೊಳ್ಳಬೇಡಿ. ಬೀಗ ಹಾಕಿದ ಮೇಲೆ ಒಳಗೆ ಖಾಲಿ ಜಾಗ ಜಾಸ್ತಿ ಉಳಿದರೆ, ಅಲ್ಲಿ ರಾಡು ಅಥವಾ ಜಾಕ್ ತೂರಿಸಿ ಮೀಟಿ ಮುರಿಯಬಹುದು. ಹಾಗಾಗಿ ನಿಮ್ಮ ಕಂಬ, ಫ್ರೇಮ್, ಚಕ್ರ ಮೂರೂ ಹಿಡಿಯುವಷ್ಟು ದೊಡ್ಡದು ಸಾಕು. ದಾರದ ಅಳತೆ ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ವಿಷಯವನ್ನು ಅಂಗಡಿಯಲ್ಲೇ ಬಿಚ್ಚಿ ನೋಡಬಹುದು. ಯು ಆಕಾರದ ಎರಡೂ ಕಾಲುಗಳು ಅಡ್ಡಪಟ್ಟಿಯೊಳಗೆ ಬೀಗದ ನಾಲಿಗೆಗೆ ಸಿಕ್ಕಿಕೊಳ್ಳುತ್ತವೆಯಾ, ಅಥವಾ ಒಂದೇ ಕಾಲಾ? ಒಂದೇ ಕಾಲು ಲಾಕ್ ಆಗುವ ಬೀಗವನ್ನು ಒಂದು ಕಡೆ ಕತ್ತರಿಸಿದರೆ ಕಂಬಿ ತಿರುಗಿ ಬಿಡುತ್ತದೆ. ಎರಡೂ ಕಾಲು ಲಾಕ್ ಆಗುವುದಾದರೆ ಕಳ್ಳ ಎರಡು ಸಲ ಕತ್ತರಿಸಬೇಕು. ಅಷ್ಟು ಹೊತ್ತು ಅವನು ಅಲ್ಲಿ ನಿಲ್ಲುವುದಿಲ್ಲ ಅನ್ನುವುದೇ ನಮ್ಮ ಬಲ.

*ಮಡಚುವ ಬೀಗ.* ಚಪ್ಪಟೆ ಪಟ್ಟಿಗಳನ್ನು ಜೋಡಿಸಿ ಮಾಡಿದ್ದು. ಮಡಚಿದರೆ ಬಾಟಲ್ ಹೋಲ್ಡರಿನ ಜಾಗದಲ್ಲಿ ಕೂರುತ್ತದೆ. ಸಾಗಿಸಲು ಚೆಂದ. ಕೀಲುಗಳಲ್ಲಿ ಸೋಲುತ್ತದೆ, ಒಳ್ಳೆಯದಕ್ಕೆ ಬೆಲೆಯೂ ಜಾಸ್ತಿ. ಅಗ್ಗದ್ದನ್ನು ಕೊಳ್ಳುವ ಬದಲು ಅದೇ ದುಡ್ಡಿಗೆ ಯು-ಲಾಕ್ ಕೊಳ್ಳಿ.

ಬ್ಯಾಟರಿ ಆಂಗಲ್ ಗ್ರೈಂಡರಿನ, ಅಂದರೆ ತಿರುಗುವ ಡಿಸ್ಕಿನಿಂದ ಲೋಹ ಕೊಯ್ಯುವ ಯಂತ್ರದ ಬಗ್ಗೆ ಕೇಳುವವರಿದ್ದಾರೆ. ಹೌದು, ಮಾಮೂಲಿ ಉಕ್ಕಿನ ಯಾವ ಬೀಗವೂ ಗ್ರೈಂಡರ್ ಮುಂದೆ ಬಹಳ ಹೊತ್ತು ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ ಇದೇ ದೊಡ್ಡ ತಲೆನೋವಾಗಿ, ಹಿಪ್‌ಲಾಕ್ ಡಿ1000, ಲೈಟ್‌ಲಾಕ್ ಎಕ್ಸ್1 ಅನ್ನುವ, ಗ್ರೈಂಡರಿನ ಡಿಸ್ಕನ್ನೇ ಸವೆಸುವ ಬೀಗಗಳು ಬಂದಿವೆ. ಅವು ತೀರಾ ದುಬಾರಿ. ಲಕ್ಷ ರೂಪಾಯಿಯ ಸೈಕಲ್ಲನ್ನು ದಿನಾ ರಸ್ತೆಯಲ್ಲಿ ನಿಲ್ಲಿಸುವವರಿಗೆ ಬಿಟ್ಟರೆ ಇಲ್ಲಿ ಅಷ್ಟು ಬೇಕಾಗಿಲ್ಲ. ಗ್ರೈಂಡರ್ ಕಿಡಿ ಹಾರಿಸುತ್ತದೆ, ಕಿರುಚುತ್ತದೆ. ಜನ ಓಡಾಡುವ, ಬೆಳಕಿರುವ ಜಾಗವನ್ನು ಆರಿಸಿಕೊಳ್ಳುವುದೇ ಅದಕ್ಕೆ ಒಳ್ಳೆಯ ಉತ್ತರ.

ಹೆಜ್ಜೆ 3: ಕೀ ಇರಲಾ, ನಂಬರ್ ಇರಲಾ?

ಕೀ ಇರಲಿ. ನಾಲ್ಕು ಅಂಕಿಯ ಬೀಗದಲ್ಲಿ 10,000 ಜೋಡಣೆ ಇದೆ ನಿಜ. ಆದರೆ ಅಗ್ಗದ ನಂಬರ್ ಲಾಕ್‌ಗಳಲ್ಲಿ ಕೇಬಲ್ಲನ್ನು ಎಳೆದು ಹಿಡಿದು ಚಕ್ರ ತಿರುಗಿಸಿದರೆ ಸರಿಯಾದ ಅಂಕಿ ಬೆರಳಿಗೇ ಗೊತ್ತಾಗುತ್ತದೆ. ಜೊತೆಗೆ ಅವಸರದಲ್ಲಿ ಒಂದೇ ಅಂಕಿಯನ್ನು ಸರಿಸಿ ಹೋಗುವ ಅಭ್ಯಾಸ ನಮ್ಮೆಲ್ಲರಿಗೂ ಇದೆ, ಅಲ್ವಾ?

ಕೀಯಲ್ಲೂ ದುಂಡನೆಯ ಕೊಳವೆಯಂಥ ಕೀ ಇರುವ ಅಗ್ಗದ ಬೀಗ ಬೇಡ. 2004ರಲ್ಲಿ ಅಮೆರಿಕದಲ್ಲಿ ಒಬ್ಬರು ಕ್ರಿಪ್ಟೋನೈಟ್ ಕಂಪನಿಯ ಅಂಥ ಬೀಗವನ್ನು ಬಾಲ್ ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆದು ತೋರಿಸಿದರು. ಕಂಪನಿ ಲಕ್ಷಾಂತರ ಬೀಗಗಳನ್ನು ಬದಲಾಯಿಸಿ ಕೊಡಬೇಕಾಯಿತು. ಒಳ್ಳೆಯ ಕಂಪನಿಗಳೆಲ್ಲ ಆಮೇಲೆ ಚಪ್ಪಟೆ ಕೀಗೆ ಬಂದವು.

ಹೆಜ್ಜೆ 4: ದುಡ್ಡಿನ ಲೆಕ್ಕ

ಸೈಕಲ್ ಬೆಲೆಯ ಹತ್ತರಲ್ಲಿ ಒಂದು ಪಾಲನ್ನು ಬೀಗಕ್ಕೆ ಇಡಿ ಅನ್ನುವ ಮಾತಿದೆ. ದುಬಾರಿ ಸೈಕಲ್‌ಗೆ ಅದು ಸರಿ. ಆರು ಸಾವಿರದ ಸೈಕಲ್‌ಗೆ ಆರುನೂರು ರೂಪಾಯಿ ಅಂದರೆ ಕೇಬಲ್ಲೇ ಗತಿ. ಆದ್ದರಿಂದ ಅಗ್ಗದ ಸೈಕಲ್ ಆದರೂ ಸಾವಿರದಿಂದ ಒಂದೂವರೆ ಸಾವಿರ ತೆಗೆದಿಡಿ. ಬೀಗ ಮುಂದಿನ ಸೈಕಲ್‌ಗೂ ಬರುತ್ತದೆ.

ಹೊರದೇಶದ ಬೀಗ ಕೊಳ್ಳುವಾಗ ಡಬ್ಬಿಯ ಮೇಲೆ ಸೋಲ್ಡ್ ಸೆಕ್ಯೂರ್ ಅನ್ನುವ ಮುದ್ರೆ ಹುಡುಕಿ. ಇದು ಬ್ರಿಟನ್ನಿನ ಸಂಸ್ಥೆ. ಬೀಗಗಳನ್ನು ಹತಾರಗಳಿಂದ ಒಡೆದು ನೋಡಿ ಬ್ರಾಂಜ್, ಸಿಲ್ವರ್, ಗೋಲ್ಡ್, ಡೈಮಂಡ್ ಅಂತ ದರ್ಜೆ ಕೊಡುತ್ತದೆ. ನೆದರ್ಲೆಂಡ್ಸ್‌ನ ಎಆರ್‌ಟಿ ಅನ್ನುವ ಸಂಸ್ಥೆ ದರ್ಜೆಯ ಬದಲು ನಕ್ಷತ್ರಗಳನ್ನು ಕೊಡುತ್ತದೆ. ಆಫೀಸಿಗೆ ಹೋಗುವ ಸೈಕಲ್‌ಗೆ ಸಿಲ್ವರ್ ಸಾಕು, ರಾತ್ರಿಯೂ ಹೊರಗೇ ನಿಲ್ಲುವುದಾದರೆ ಗೋಲ್ಡ್. ಆದರೆ ಕಂಪನಿಯೇ ತನ್ನ ಡಬ್ಬಿಯ ಮೇಲೆ "ಸೆಕ್ಯೂರಿಟಿ ಲೆವೆಲ್ 8/10" ಅಂತ ಅಚ್ಚು ಹಾಕಿಕೊಂಡಿದ್ದರೆ ಅದು ಹೊರಗಿನವರ ಪರೀಕ್ಷೆ ಅಂದುಕೊಳ್ಳಬೇಡಿ. ಆ ಅಂಕಿಯಿಂದ ಅದೇ ಕಂಪನಿಯ ಎರಡು ಬೀಗಗಳನ್ನು ಹೋಲಿಸಬಹುದು, ಅಷ್ಟೇ. ಯಾವ ಮುದ್ರೆಯೂ ಇಲ್ಲದ ಬೀಗವಾದರೆ ಕಂಬಿಯ ದಪ್ಪ, ಎರಡು ಕಾಲಿನ ಲಾಕ್, ಚಪ್ಪಟೆ ಕೀ ಇಷ್ಟನ್ನು ನೋಡಿ.

ಎರಡು ಬೀಗ ಕೊಳ್ಳಲು ಆಗುವುದಾದರೆ ಬೇರೆ ಬೇರೆ ಜಾತಿಯದನ್ನು ಕೊಳ್ಳಿ. ಉದಾಹರಣೆಗೆ ಯು-ಲಾಕ್ ಮತ್ತು ಚಕ್ರದ ಲಾಕ್. ಆಫೀಸಿನಲ್ಲಿ ಖಾಯಂ ಜಾಗ ಇದ್ದರೆ, ಭಾರದ ಚೈನನ್ನು ಅಲ್ಲೇ ಸ್ಟ್ಯಾಂಡಿಗೆ ಬಿಟ್ಟುಬಿಡಿ. ದಿನಾ ಎರಡು ಕೆ.ಜಿ. ಹೊರುವ ಕೆಲಸ ತಪ್ಪುತ್ತದೆ. ಸಾಗಿಸುವ ಬೀಗಕ್ಕೆ ಫ್ರೇಮಿಗೆ ಕೂರಿಸುವ ಕ್ಲಾಂಪ್ ಇದೆಯಾ ಕೇಳಿ. ಹ್ಯಾಂಡಲ್‌ಗೆ ನೇತುಹಾಕುವುದು ಬೇಡ, ತಿರುವಿನಲ್ಲಿ ಬೀಗ ತೂಗಾಡಿ ಮುಂದಿನ ಚಕ್ರಕ್ಕೆ ಸಿಕ್ಕರೆ ಬೀಳುತ್ತೀರಿ.

ಹೆಜ್ಜೆ 5: ಕಟ್ಟುವುದನ್ನು ಕಲಿಯಿರಿ

ಮುಂದಿನ ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ ಕಳ್ಳ ಚಕ್ರ ಬಿಟ್ಟು ಸೈಕಲ್ ಒಯ್ಯುತ್ತಾನೆ. ಈಗಿನ ಎಷ್ಟೋ ಸೈಕಲ್‌ಗಳಲ್ಲಿ ಲಿವರ್ ತಿರುಗಿಸಿದರೆ ಚಕ್ರ ಕಳಚುತ್ತದೆ, ಸ್ಪ್ಯಾನರೂ ಬೇಡ. ಬೀಗ ಹಿಡಿಯಬೇಕಾದ್ದು ಫ್ರೇಮ್, ಹಿಂದಿನ ಚಕ್ರ ಮತ್ತು ಕಂಬ. ಹಿಂದಿನದೇ ಯಾಕೆ? ಗೇರು, ಚೈನು ಎಲ್ಲ ಅಲ್ಲಿರುವುದರಿಂದ ಅದೇ ದುಬಾರಿ ಚಕ್ರ.

ಚಿಕ್ಕ ಯು-ಲಾಕ್ ಇರುವವರಿಗೆ ಅಮೆರಿಕದ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಹೇಳಿಕೊಟ್ಟ ಒಂದು ವಿಧಾನ ಇದೆ. ಸೀಟಿನ ಕೆಳಗಿನ ಪೈಪು ಮತ್ತು ಅಲ್ಲಿಂದ ಹಿಂದಿನ ಚಕ್ರದ ನಟ್ಟಿಗೆ ಹೋಗುವ ಪೈಪುಗಳು ಸೇರಿ ಒಂದು ತ್ರಿಕೋನ ಆಗುತ್ತದೆ ನೋಡಿ, ಆ ತ್ರಿಕೋನದ ಒಳಗೆ ಬರುವ ರಿಮ್ಮಿನ ಭಾಗಕ್ಕೆ ಮತ್ತು ಕಂಬಕ್ಕೆ ಸೇರಿಸಿ ಬೀಗ ಹಾಕಬೇಕು. ಫ್ರೇಮನ್ನು ಬೀಗ ಸುತ್ತಿಕೊಂಡಿರುವುದಿಲ್ಲ. ಆದರೂ ಚಕ್ರ ಆ ತ್ರಿಕೋನದಿಂದ ಹೊರಗೆ ಬರಲಾರದು, ಹಾಗಾಗಿ ಫ್ರೇಮೂ ಸಿಕ್ಕಿಬಿದ್ದಿರುತ್ತದೆ. ರಿಮ್ಮನ್ನು ಕೊಯ್ದರೆ ಬಿಡಿಸಿಕೊಳ್ಳಬಹುದು, ಆದರೆ ಚಕ್ರವೇ ಹಾಳಾಗುತ್ತದೆ. ಕಂಬ ಸ್ವಲ್ಪ ದಪ್ಪ ಇದ್ದು ಮೂರೂ ಹಿಡಿಯದಿದ್ದಾಗ ಈ ವಿಧಾನ ಕೈ ಹಿಡಿಯುತ್ತದೆ. ಮನೆಯಲ್ಲಿ ಒಮ್ಮೆ ಹಾಕಿ ತೆಗೆದು ನೋಡಿ, ಓದುವುದಕ್ಕಿಂತ ಬೇಗ ಅರ್ಥವಾಗುತ್ತದೆ.

ಬೀಗ, ಚೈನು ನೆಲಕ್ಕೆ ತಾಗದಂತೆ ಮೇಲೆ ಇರಲಿ. ನೆಲದ ಮೇಲಿದ್ದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇಡೀ ಮೈಭಾರ ಹಾಕಿ ಒತ್ತಬಹುದು, ಸುತ್ತಿಗೆಯಿಂದ ಹೊಡೆಯಲೂ ಅನುಕೂಲ. ಚೈನು ಸಡಿಲ ಬಿಡದೆ ಇನ್ನೊಂದು ಸುತ್ತು ಹಾಕಿ ಬಿಗಿ ಮಾಡಿ. ಲಿವರ್ ಇರುವ ಚಕ್ರ ಮತ್ತು ಸೀಟಿಗೆ ಲಿವರ್ ಬದಲು, ಆರು ಮೂಲೆಯ ಕೀಯಿಂದ ಬಿಚ್ಚುವ ಅಲೆನ್ ಕೀ ಬೋಲ್ಟ್ ಹಾಕಿಸಿ. ಖರ್ಚು ಕಡಿಮೆ, ಪ್ರಯೋಜನ ಜಾಸ್ತಿ. ಲೈಟು, ವೇಗ-ದೂರ ತೋರಿಸುವ ಸೈಕಲ್ ಕಂಪ್ಯೂಟರ್, ಪಂಪು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ. ಎಲೆಕ್ಟ್ರಿಕ್ ಸೈಕಲ್ ಆದರೆ ಬ್ಯಾಟರಿಯನ್ನೂ.

ಹೆಜ್ಜೆ 6: ಮಳೆಗಾಲ ಮತ್ತು ಕೀ

ಕೀ ತೂತು ಕೆಳಗೆ ನೋಡುವಂತೆ ಬೀಗ ಹಾಕಿ, ನೀರು ಒಳಗೆ ನಿಲ್ಲುವುದಿಲ್ಲ. ತೂತಿಗೆ ಮುಚ್ಚಳ ಇದ್ದರೆ ಮುಚ್ಚಿ. ಚೈನಿನ ಬಟ್ಟೆ ಕವಚ ನೆನೆದರೆ ಒಳಗೇ ತುಕ್ಕು ಹಿಡಿಯುತ್ತದೆ, ಮನೆಗೆ ಬಂದು ಒಣಗಿಸಿ. ಕೀ ಬಿಗಿಯಾದರೆ ಗ್ರಾಫೈಟ್ ಪುಡಿ ಅಥವಾ ಬೀಗಕ್ಕೆಂದೇ ಸಿಗುವ ಸ್ಪ್ರೇ ಹಾಕಿ. ಅಡುಗೆ ಎಣ್ಣೆ, ಗ್ರೀಸ್ ಬೇಡ. ಧೂಳು ಅಂಟಿಕೊಂಡು ಇನ್ನೂ ಬಿಗಿಯಾಗುತ್ತದೆ.

ಕೊಂಡ ದಿನವೇ ಒಂದು ಕೀಯನ್ನು ಮನೆಯಲ್ಲಿ ಎತ್ತಿಡಿ. ಕೀ ಜೊತೆ ನಂಬರ್ ಇರುವ ಚೀಟಿ ಬಂದಿದ್ದರೆ ಫೋಟೋ ತೆಗೆದುಕೊಳ್ಳಿ. ಕೆಲವು ಕಂಪನಿಗಳು ಆ ನಂಬರಿನ ಮೇಲೆ ಹೊಸ ಕೀ ಕೊಡುತ್ತವೆ.

ಹೆಜ್ಜೆ 7: ಇವತ್ತೇ ಮಾಡಿಡಬೇಕಾದ ದಾಖಲೆ

ಸೈಕಲ್ ತಲೆಕೆಳಗೆ ಮಾಡಿ ಪೆಡಲ್ ಜೋಡಣೆಯ ತಳಭಾಗ ನೋಡಿ. ಬಹಳ ಸೈಕಲ್‌ಗಳಲ್ಲಿ ಫ್ರೇಮ್ ನಂಬರ್ ಅಲ್ಲೇ ಕೊರೆದಿರುತ್ತದೆ. ಅದರ ಫೋಟೋ, ಇಡೀ ಸೈಕಲ್ಲಿನ ಫೋಟೋ, ಗೀರು ಅಥವಾ ಸ್ಟಿಕ್ಕರಿನಂಥ ಗುರುತುಗಳ ಫೋಟೋ, ಅಂಗಡಿಯ ಬಿಲ್ ಎಲ್ಲವನ್ನೂ ನಿಮ್ಮ ಇಮೇಲ್‌ಗೇ ಕಳಿಸಿಕೊಂಡು ಇಟ್ಟುಕೊಳ್ಳಿ.

ಬಿಲ್ ಯಾಕೆ ಬೇಕು ಅಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳ್ಳತನವನ್ನು ಬೇರೆಯಾಗಿ ನೋಡುತ್ತಾರೆ. ಅದಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ತನಿಖೆ ಶುರುಮಾಡಲು ಬರುವುದಿಲ್ಲ. ಬೆಲೆ ಅದಕ್ಕಿಂತ ಜಾಸ್ತಿ ಅಂತ ತೋರಿಸುವ ಕಾಗದ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ಕಳ್ಳತನ ಎಲ್ಲೇ ಆಗಿರಲಿ, ಹತ್ತಿರದ ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಝೀರೋ ಎಫ್‌ಐಆರ್ ಅನ್ನುವುದು ಇದನ್ನೇ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಮೆಟ್ರೋ ಅಥವಾ ಆಫೀಸಿನ ಪಾರ್ಕಿಂಗ್‌ನಲ್ಲಿ ಆಗಿದ್ದರೆ ಅದೇ ದಿನ ಸಿಸಿಟಿವಿ ದೃಶ್ಯ ಉಳಿಸಿಡಲು ಬರವಣಿಗೆಯಲ್ಲಿ ಕೇಳಿ, ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗಿ ಅಳಿಸಿಹೋಗುವ ಮುಂಚೆಯೇ. ಪಾರ್ಕಿಂಗ್ ಚೀಟಿಯನ್ನು ಎಸೆಯಬೇಡಿ.